ಅತ್ತೆ ಮೂಸಿದ ಬಂಗಡೆ

ನನ್ನ ಅತ್ತೆಯ ಜೊತೆ ಕುಮಟೆಯ ಮೀನುಪೇಟೆಗೆ ಹೋಗುವ ದಿನವೊಂದು ಬರುತ್ತದೆ ಎಂದು ನನ್ನ ಮದುವೆಯಲ್ಲಿ ಯಾರಾದರೂ ಹೇಳಿದ್ದರೆ, ಅವರ ತಲೆ ನೆಟ್ಟಗಿಲ್ಲ ಎಂದುಕೊಳ್ಳುತ್ತಿದ್ದೆ. ಅತ್ತೆ ಚಿಕ್ಕೇರೂರಿನವರು. ಕೊರಳಲ್ಲಿ ಲಿಂಗ, ಬೆಳಗೆದ್ದರೆ ಸ್ನಾನ, ಪೂಜೆ, ಆಮೇಲೆಯೇ ಚಹಾ. ನಾನು ಕುಮಟೆಯವಳು, ಮೀನಿನ ಬುಟ್ಟಿಯವರ ಕೂಗು ಕೇಳಿ ಬಾಗಿಲು ತೆಗೆಯುವ ಮನೆಯ ಮಗಳು. ನನ್ನ ಗಂಡ ನಮ್ಮೂರ ಶಾಲೆಗೆ ಮಾಸ್ತರಾಗಿ ಬಂದು ನಮ್ಮ ಪಕ್ಕದ ಮನೆಯಲ್ಲೇ ಬಾಡಿಗೆಗಿದ್ದರು. ಮುಂದಿನದನ್ನು ಯಾರು ಬೇಕಾದರೂ ಊಹಿಸಬಹುದು. ಎರಡೂ ಮನೆಗಳಲ್ಲಿ ಕೂಗಾಟವಾಗಿ, ಅಳುವಾಗಿ, ಕೊನೆಗೆ ಹಿರಿಯರು ಸುಸ್ತಾಗಿ ಒಪ್ಪಿದರು. ಗಂಡನಿಗೆ ತಮ್ಮ ಊರ ಕಡೆಗೆ ವರ್ಗವಾದಾಗ ನಾನೂ ಘಟ್ಟ ಹತ್ತಿ, ಶಿರಸಿ, ಹಾನಗಲ್ಲು ದಾಟಿ ಚಿಕ್ಕೇರೂರಿಗೆ ಬಂದೆ.

ಬಂದ ದಿನವೇ ಅತ್ತೆ ಒಂದು ಮಾತು ಹೇಳಿದರು. "ನೋಡವಾ, ನಿನ್ನ ತವರಮನ್ಯಾಗ ನೀ ಏನರ ತಿನ್ನು, ನಾ ಕೇಳೂದಿಲ್ಲ. ಈ ಹೊಸ್ತಿಲ ಒಳಗ ಅದು ಬರಬಾರದು." ಅದು ಅಂದರೆ ಮೀನು. ನಾನು ಒಪ್ಪಿದೆ. ಸಿಟ್ಟು ಬಂದರೂ ಒಪ್ಪಿದೆ, ಯಾಕೆಂದರೆ ಹೇಳಿದ್ದು ಮುಖಕ್ಕೆ ಮುಖ ಕೊಟ್ಟು, ಬೆನ್ನ ಹಿಂದೆ ಅಲ್ಲ. ನನ್ನ ಬಾಯಿ ಸ್ವಲ್ಪ ಜೋರು, ಅವರದು ನನಗಿಂತ ಜೋರು. ಆದರೂ ಇಷ್ಟು ವರ್ಷ ಒಂದೇ ಒಲೆಯ ಮುಂದೆ ಹೇಗೋ ಹೊಂದಿಕೊಂಡು ಬಂದೆವು.

ಒಂದು ವಿಷಯದಲ್ಲಿ ಮಾತ್ರ ನಮ್ಮ ವಾದ ಎಂದೂ ಮುಗಿದಿರಲಿಲ್ಲ. ಅತ್ತೆಯ ಪ್ರಕಾರ ಮೀನು ನಾರುತ್ತದೆ. ನನ್ನ ಪ್ರಕಾರ ಹಳತಾದ ಮೀನು ನಾರುತ್ತದೆ. ಅವರು ಅದನ್ನು ನಂಬುವುದಾದರೂ ಹೇಗೆ? ಚಿಕ್ಕೇರೂರಿನ ಕಡೆ ಸಮುದ್ರದ ಮೀನು ಅಂದರೆ ಹಾನಗಲ್ಲಿನ ಸಂತೆಗೆ ಬರುವ ಮೀನು. ದೋಣಿ ನಿಲ್ಲುವ ದಕ್ಕೆಯಲ್ಲಿ ಒಂದು ದಿನ, ಗಾಡಿಯಲ್ಲಿ ಒಂದು ರಾತ್ರಿ ಕಳೆದು, ಹಾಕಿದ ಐಸೆಲ್ಲ ಘಟ್ಟದ ತಿರುವುಗಳಲ್ಲಿ ಕರಗಿ, ಬಿಸಿಲೇರುವ ಹೊತ್ತಿಗೆ ಅದು ಪೆಟ್ಟಿಗೆಯಿಂದ ಇಳಿಯುತ್ತದೆ. ಅತ್ತೆ ಜೀವಮಾನವಿಡೀ ಸಂತೆಯ ಆ ಮೀನಿನ ಸಾಲಿನ ಪಕ್ಕದಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಓಡಿದವರು. ಮೀನೆಂದರೆ ಆ ನಾತ, ಆ ನಾತವೆಂದರೆ ಮೀನು. ಹಿರೇಕೆರೂರಿನಿಂದ ಸವಣೂರಿನವರೆಗೆ ಯಾರನ್ನು ಬೇಕಾದರೂ ಕೇಳಿ, ಮೀನು ತಿನ್ನುವವರು ಕೂಡ ಅದನ್ನೇ ಹೇಳುತ್ತಾರೆ. ಆ ವಾಸನೆ ಇಲ್ಲದಿದ್ದರೆ ಮೀನು ಸಪ್ಪೆ ಎಂದು ನನಗೇ ಪಾಠ ಹೇಳಿದವರಿದ್ದಾರೆ.

ಈ ವಾದ ಮಾಡಲು ನನಗೊಂದು ಮೂಗಿತ್ತು. ಹೋದ ವರ್ಷ ಬಂದ ಜ್ವರದಲ್ಲಿ ಅದು ಹೋಯಿತು.

ಜ್ವರ ಏನೂ ದೊಡ್ಡದಲ್ಲ. ಮನೆಯವರೆಲ್ಲ ಒಬ್ಬೊಬ್ಬರಾಗಿ ಮಲಗಿ ಎದ್ದರು, ನಾನೂ ಎದ್ದೆ. ಎದ್ದ ಮೇಲೆ ಒಂದು ಬೆಳಿಗ್ಗೆ ಒಗ್ಗರಣೆಗೆ ಬೆಳ್ಳುಳ್ಳಿ ಹಾಕಿ ಹಿಟ್ಟು ನಾದುತ್ತ ನಿಂತಿದ್ದೆ. ಅತ್ತೆ ಹಿತ್ತಲಿನಿಂದ ಓಡಿ ಬಂದರು. "ಏನಿದು, ಓಣಿ ತುಂಬ ಹೊಗಿ! ನಿನಗ ಮೂಗಿಲ್ಲೇನ?" ತಿರುಗಿ ನೋಡಿದರೆ ಬಾಣಲೆಯಲ್ಲಿ ಬೆಳ್ಳುಳ್ಳಿ ಇದ್ದಿಲಾಗಿತ್ತು. ನನಗೆ ಏನೂ ಗೊತ್ತಾಗಿರಲಿಲ್ಲ. ಡಬ್ಬಿಯಿಂದ ಇಂಗು ತೆಗೆದು ಮೂಗಿಗೆ ಹಿಡಿದೆ. ಏನೂ ಇಲ್ಲ. ಕಾಫಿಪುಡಿ ಹಿಡಿದೆ. ಏನೂ ಇಲ್ಲ. ಅಡುಗೆಮನೆಯ ನೆಲದ ಮೇಲೆ ಕುಳಿತು ಅತ್ತುಬಿಟ್ಟೆ. ಬಯ್ಯಲು ಬಂದಿದ್ದ ಅತ್ತೆ ಬಾಣಲೆ ಇಳಿಸಿ, ಒಲೆ ಆರಿಸಿ, ನನ್ನ ಎದುರು ಕುಕ್ಕುರುಗಾಲಿನಲ್ಲಿ ಕುಳಿತರು.

ಇದನ್ನು ಯಾರ ಮುಂದೆ ಹೇಳಿದರೂ "ಅಷ್ಟೇನಾ?" ಎನ್ನುತ್ತಿದ್ದರು. ಕಣ್ಣು ಹೋಗಲಿಲ್ಲ, ಕಿವಿ ಹೋಗಲಿಲ್ಲ, ಬಿಡು ಎಂದು ಸಮಾಧಾನ ಮಾಡುತ್ತಿದ್ದರು. ಅದಕ್ಕೇ ನಾನು ಹೇಳುವುದನ್ನು ಬಿಟ್ಟೆ. ವಾಸನೆ ಹೋದರೆ ಊಟವಷ್ಟೇ ಹೋಗುವುದಿಲ್ಲ. ಮಗ್ಗುಲಲ್ಲಿ ಮಲಗಿದ ಗಂಡ ಯಾರೋ ಅನ್ನಿಸುತ್ತದೆ. ಮೊದಲ ಮಳೆ ಬಿದ್ದರೆ ಅಂಗಳ ಒದ್ದೆಯಾಗುತ್ತದೆ, ಅಷ್ಟೇ. ತೀರಿಹೋದ ನನ್ನ ತಾಯಿಯ ಒಂದು ಹಳೆಯ ಸೀರೆಯನ್ನು ಪೆಟ್ಟಿಗೆಯಲ್ಲಿಟ್ಟಿದ್ದೆ. ಬೇಸರವಾದಾಗ ತೆಗೆದು ಮುಖಕ್ಕೆ ಒತ್ತಿಕೊಳ್ಳುತ್ತಿದ್ದೆ. ಈಗ ಅದು ಬರೀ ಬಟ್ಟೆ. ನನಗೆ ಭಯವಾಗುತ್ತಿತ್ತು. ಹೀಗೇ ಉಳಿದುಬಿಟ್ಟರೆ ಎಂಬ ಭಯ.

ಹುಬ್ಬಳ್ಳಿಯ ಮೂಗಿನ ಡಾಕ್ಟರು ನೋಡಿ, ಬರಬಹುದು, ಬರದೆಯೂ ಇರಬಹುದು ಎಂದರು. ಚೆನ್ನಾಗಿ ಗೊತ್ತಿರುವ ವಾಸನೆಗಳನ್ನು ದಿನಾ ಬೆಳಿಗ್ಗೆ ಸಂಜೆ ಮೂಸಬೇಕು, ಮೂಗಿಗೆ ಮರೆತದ್ದನ್ನು ನೆನಪು ಮಾಡಿಕೊಡಬೇಕು. ವರ್ಷ ಕಳೆದರೆ ಮಾತ್ರ ಆಸೆ ಕಡಿಮೆ. ಅವರು ಇದನ್ನು ಹವಾಮಾನ ವರದಿ ಓದಿದ ಹಾಗೆ ಹೇಳಿದರು.

ಅತ್ತೆ ಆ ದಿನದಿಂದ ನನ್ನ ಬೆನ್ನು ಬಿಡಲಿಲ್ಲ. ಹಲ್ಲುಜ್ಜಿ ಬರುವಷ್ಟರಲ್ಲಿ ಏನಾದರೊಂದನ್ನು ಮೂಗಿನ ಕೆಳಗೆ ಹಿಡಿಯುತ್ತಿದ್ದರು. ಜಜ್ಜಿದ ಉಳ್ಳಾಗಡ್ಡಿ, ಹುರಿದ ಶೇಂಗಾ, ಹರಿದ ಸವಣೂರಿನ ವೀಳ್ಯದೆಲೆ, ಒಮ್ಮೆ ಸೀಮೆಎಣ್ಣೆ ಕೂಡ. ಪಕ್ಕದ ಮನೆಯ ಬೀಬಿ ಹುಲಗೂರು ದರ್ಗಾಕ್ಕೆ ಹೋದವರು ಅತ್ತರಿನ ಸಣ್ಣ ಶೀಶೆ ತಂದುಕೊಟ್ಟರು. ಅತ್ತೆ ಅದನ್ನು ಅರ್ಧ ನನಗೆ ಮೂಸಿಸಿ ಅರ್ಧ ತಾವೇ ಹಚ್ಚಿಕೊಂಡು ಖಾಲಿ ಮಾಡಿದರು. ಹಟ್ಟಿಯಿಂದ ಬಿಸಿ ಸಗಣಿ ತಂದ ದಿನ ನಾನು ರೇಗಿದೆ. "ಅತ್ತೀ, ಇದೊಂದರ ಬಿಡ್ರಿ!" "ಯಾಕ? ನಿನಗೇನು ವಾಸನಿ ಬರತೈತೇನು?"

ವರ್ಷ ತುಂಬಲು ಬಂತು. ಮೂಗು ಹಾಗೇ ಇತ್ತು. ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತ ಅತ್ತೆ ಹೇಳಿದರು.

"ಹೊಸಾ ಎತ್ತು ತಂದಾಗ ಅದು ಮೇವು ಮುಟ್ಟಲಿಲ್ಲಂದ್ರ ಏನ್ ಮಾಡ್ತೇವಿ ಹೇಳು?"

ನನಗೆ ಗೊತ್ತಿತ್ತು. ನಮ್ಮ ಹಟ್ಟಿಯಲ್ಲೇ ನೋಡಿದ್ದೆ. ಎತ್ತು ಕೊಂಡ ಮನೆಗೆ ಯಾರಾದರೂ ಹೋಗಿ, ಅದು ಹಿಂದೆ ತಿನ್ನುತ್ತಿದ್ದ ಗ್ವಾದಲಿಯಿಂದ ಒಂದು ಹೊರೆ ಮೇವು ತರುತ್ತಾರೆ. ಅದನ್ನು ನಮ್ಮ ಮೇವಿನ ಜೊತೆ ಬೆರೆಸಿ ಹಾಕುತ್ತಾರೆ. ಎತ್ತು ಮೂಸಿ ನೋಡಿ ಬಾಯಿ ಹಾಕುತ್ತದೆ.

"ನಾವು ನಿನಗ ವರ್ಷಾನಗಟ್ಟಲೆ ಬರೇ ನಮ್ಮನಿ ಮೇವು ತೋರಸಾಕತ್ತೇವಿ," ಎಂದರು ಅತ್ತೆ. "ನಿನ್ನ ಮೂಗು ಹುಟ್ಟಿದ್ದು ಇಲ್ಲೆ ಅಲ್ಲ. ನಿನ್ನ ಊರಿಗೆ ಹೋಗೂಣು. ಆ ಮೀನದ ಬಜಾರ ಅಂತೀಯಲ್ಲ, ಅಲ್ಲಿ ನಿಂತು ನೋಡು."

"ನಾ ಏನ್ ಎತ್ತೇನ್ರಿ?"

"ಅಲ್ಲ ಬಿಡು. ಎತ್ತು ಹಿಂಗ ಎದುರು ಮಾತಾಡೂದಿಲ್ಲ."

ಹೀಗೆ ನಾವಿಬ್ಬರೂ ಹೊರಟೆವು. ಅತ್ತೆ ಒಂದು ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಇನ್ನೊಂದು ಚೀಲದಲ್ಲಿ ಪೂಜೆಯ ಸಾಮಾನು ಕಟ್ಟಿಕೊಂಡರು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಅವರಿಗೆ ದೂರವೆಂಬುದೇ ಇಲ್ಲ. ಕಂಡಕ್ಟರ್ ಕೇಳುವ ಮೊದಲೇ ಆಧಾರ್ ಕಾರ್ಡು ಎತ್ತಿ ಹಿಡಿಯುತ್ತಾರೆ. ಹಾನಗಲ್ಲಿನಲ್ಲಿ ಬಸ್ಸು ಬದಲಿಸಿದೆವು, ಶಿರಸಿಯಲ್ಲಿ ಇನ್ನೊಮ್ಮೆ. ಘಟ್ಟ ಇಳಿಯುವಾಗ ಅತ್ತೆ ಕಣ್ಣು ಮುಚ್ಚಿ ಶಿವಶಿವಾ ಎನ್ನುತ್ತಿದ್ದರು. ನಾನು ಕಿಟಕಿಯ ಸರಳಿಗೆ ಮುಖವಿಟ್ಟು ಕಾದೆ. ಈ ಘಟ್ಟದ ಬುಡದಲ್ಲಿ ಒಂದು ತಿರುವಿದೆ. ಅಲ್ಲಿಗೆ ಬಂದರೆ ಗಾಳಿ ಭಾರವಾಗಿ, ಉಪ್ಪುಪ್ಪಾಗಿ ಮೂಗಿಗೆ ಬಡಿಯುತ್ತಿತ್ತು. ಊರು ಕಾಣುವ ಮೊದಲೇ ಊರು ಬಂತೆಂದು ಗೊತ್ತಾಗುತ್ತಿತ್ತು. ಈ ಸಲ ತಿರುವು ಬಂತು, ಹೋಯಿತು. ಬೆವರಿತು, ಅಷ್ಟೇ.

ನನ್ನ ತಮ್ಮನ ಮನೆಯಲ್ಲಿ ಆ ರಾತ್ರಿ ಕಳೆದು, ಬೆಳಿಗ್ಗೆ ಅತ್ತೆಯ ಪೂಜೆ ಮುಗಿದ ಮೇಲೆ ಪೇಟೆಗೆ ನಡೆದೆವು. ಬಾಗಿಲ ಹತ್ತಿರ ಬಂದಾಗ ಅತ್ತೆ ನಿಂತುಬಿಟ್ಟರು. ಕೈ ಎದೆಯ ಮೇಲಿನ ಲಿಂಗದ ಮೇಲಿತ್ತು. "ಇದನ್ನ ಕಟಗೊಂಡು ನಾ ಒಳಗ ಬರೂದಿಲ್ಲವಾ. ಇದನ್ನ ಬಿಚ್ಚೂದಂತೂ ಆಗೂದಿಲ್ಲ. ನೀ ಹೋಗಿ ಬಾ, ನಾ ಇಲ್ಲೇ ಕುಂದರತೇನಿ." ಎದುರಿನ ಬಾಳೆಹಣ್ಣಿನ ಅಂಗಡಿಯವನು ಒಂದು ಸ್ಟೂಲು ಕೊಟ್ಟ. ಮೂಗಿಗೆ ಸೆರಗು ಒತ್ತಿ ಹಿಡಿದು ಅವರು ಅಲ್ಲಿ ಕುಳಿತರು.

ನಾನು ಒಳಗೆ ಹೋದೆ. ಪೇಟೆ ಹಾಗೇ ಇತ್ತು. ಹೊಸದಾಗಿ ತಗಡಿನ ಮಾಡು ಬಂದಿದೆ, ಸಿಮೆಂಟಿನ ಕಟ್ಟೆ ಬಂದಿದೆ. ಆದರೆ ಕಟ್ಟೆ ಬಿಟ್ಟು ನೆಲದ ಮೇಲೆಯೇ ಬುಟ್ಟಿ ಇಟ್ಟುಕೊಂಡು ಕುಳಿತ ಹೆಂಗಸರು, ಕೂದಲಿಗೆ ಅಬ್ಬಲಿಗೆ ಮಾಲೆ, ಕೂಗು, ಕಾಗೆ, ಕಾಲ ಕೆಳಗೆ ನೀರು, ಎಲ್ಲ ನನ್ನ ತಾಯಿಯ ಕೈ ಹಿಡಿದು ಬಂದಾಗ ಇದ್ದ ಹಾಗೆಯೇ. ಬಂಗಡೆ ನೀಲಿಯಾಗಿ ಹೊಳೆಯುತ್ತಿತ್ತು. ತಾರ್ಲೆಯ ರಾಶಿ, ಶೆಟ್ಲಿ ಎನ್ನುವ ಸಿಗಡಿಯ ರಾಶಿ, ಒಂದು ದೊಡ್ಡ ಇಸ್ವಾಣ ಮೀನಿನ ಸುತ್ತ ನಿಂತ ನಾಲ್ಕು ಗಂಡಸರು. ಎಲ್ಲ ಕಾಣುತ್ತಿತ್ತು, ಎಲ್ಲ ಕೇಳುತ್ತಿತ್ತು. ಆದರೆ ಟೀವಿಯಲ್ಲಿ ನೋಡುತ್ತಿದ್ದ ಹಾಗಿತ್ತು, ನಾನು ಅದರೊಳಗೆ ಇರಲಿಲ್ಲ.

ಒಂದು ಬಂಗಡೆ ಎತ್ತಿ ಕಿವಿರು ಬಿಡಿಸಿದೆ. ಕೆಂಪಗಿತ್ತು. ಬೆರಳಿನಿಂದ ಒತ್ತಿದೆ, ಗಟ್ಟಿಯಿತ್ತು. ಮೂಗಿಗೆ ತಂದೆ. ಏನೂ ಇಲ್ಲ. ಮುಂದಿನ ಬುಟ್ಟಿಗೆ ಹೋದೆ. ಅಲ್ಲಿಯೂ ಎತ್ತಿ ಮೂಸಿದೆ. ಅದರ ಮುಂದಿನದಕ್ಕೆ ಹೋದೆ. ಮೂಸುವುದು ಹೆಚ್ಚಾಗುತ್ತ ಹೋಯಿತು. ಕೊನೆಗೆ ಹಸಿರು ಸೀರೆಯ ಒಬ್ಬ ಹೆಂಗಸಿನ ಬುಟ್ಟಿಯಲ್ಲಿ ಕೈಯಿಟ್ಟು, ಒಂದೇ ಮೀನನ್ನು ತಿರುತಿರುಗಿಸಿ ಮೂಸುತ್ತ ಕುಳಿತುಬಿಟ್ಟೆ.

"ಎಂತದೇ ಅದು?" ಎಂದಳು ಅವಳು. "ಆಗಿಂದ ನೋಡ್ತೆ ಇದ್ದೆ, ನೀ ಪೇಟೆ ಎಲ್ಲ ಮೂಸ್ಕಂಡು ಬಂದೆ. ಬೆಳಿಗ್ಗೆ ದೋಣಿಯಿಂದ ಇಳ್ಸಿದ್ದು ಇದು. ಬೇಕಾರೆ ತಕ, ಬ್ಯಾಡದಿದ್ರೆ ಮುಂದೆ ಹೋಗು. ಗಿರಾಕಿ ಎಂತ ತಿಳ್ಕಂತ್ರು?"

ಅವಳದು ತಪ್ಪಲ್ಲ. ಬುಟ್ಟಿಯ ಮುಂದೆ ಕುಳಿತು ಹಾಗೆ ಮೂಸುತ್ತಿದ್ದರೆ ಇವಳ ಮೀನು ಹಳತು ಎಂದು ಸಾರಿದ ಹಾಗೆ. ನನಗೆ ಅದು ಗೊತ್ತಿತ್ತು. ಆದರೂ ಸಿಟ್ಟು ನೆತ್ತಿಗೇರಿತು. "ನಾನೂ ಇದೇ ಊರಿನವಳೇ. ನಂಗೆ ಮೀನು ಹೇಳ್ಕೊಡೂದು ಬ್ಯಾಡ!"

"ಇದೇ ಊರಿನವಳಾದ್ರೆ ಮೂಸೂದು ಎಂತಕ್ಕೆ? ಮೀನಿನ ಕಣ್ಣು ನೋಡಿರೆ ಸಾಕಾಗಿತ್ತು."

ಆ ಮಾತು ಚುಚ್ಚಿತು. ನಾನು ಏನೇನೋ ಕೂಗಿದೆ. ಅವಳೂ ಕೂಗಿದಳು. ಅಕ್ಕಪಕ್ಕದವರು ಅವಳ ಕಡೆ ಸೇರಿದರು. ಅಷ್ಟರಲ್ಲಿ ಹಿಂದಿನಿಂದ ಪರಿಚಿತ ದನಿಯೊಂದು ಕೇಳಿತು.

"ಯಾಕ್ರಿ? ನಮ್ಮ ಸೊಸಿಗೆ ಯಾಕ ಬೈಯಾಕತ್ತೀರಿ?"

ನೋಡುತ್ತೇನೆ, ಅತ್ತೆ! ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿಕೊಂಡು, ಲಿಂಗವನ್ನು ಕುಪ್ಪಸದೊಳಗೆ ಸೇರಿಸಿ ಅದರ ಮೇಲೆ ಒಂದು ಕೈ ಒತ್ತಿಕೊಂಡು, ಇನ್ನೊಂದು ಕೈಯಿಂದ ಸೆರಗನ್ನು ಮೂಗಿಗೆ ಒತ್ತಿಕೊಂಡು, ಮೀನಿನ ನೀರು ತುಳಿಯುತ್ತ ಬಂದಿದ್ದರು. ನನ್ನ ಕೂಗು ಹೊರಗಿನವರೆಗೆ ಕೇಳಿಸಿತ್ತು. ಹೊರಗೆ ಕುಳಿತಿರಲು ಅವರಿಂದ ಆಗಿರಲಿಲ್ಲ.

"ನಮ್ಮ ಮೀನು ನಾರತದೆ ಅನ್ನೂ ಹಂಗೆ ಮೂಸ್ತಾಳೆ ನಿಮ್ಮ ಸೊಸೆ," ಎಂದಳು ಹಸಿರು ಸೀರೆಯವಳು.

"ಆಕಿಗೆ ವಾಸನಿ ಬರೂದಿಲ್ಲವಾ," ಎಂದರು ಅತ್ತೆ. "ಜಡ್ಡಿನ್ಯಾಗ ಹೋಗೇತಿ. ವರ್ಷ ಆತು. ನಿಮ್ಮ ಬಜಾರಕ್ಕ ಬಂದ್ರ ಬರತೈತೇನಂತ ಕರಕೊಂಡ ಬಂದೇನಿ."

ನಾನು ವರ್ಷವಿಡೀ ಮುಚ್ಚಿಟ್ಟದ್ದನ್ನು ಅವರು ಪೇಟೆಯ ಮಧ್ಯೆ ಹೇಳಿಬಿಟ್ಟರು. ನೆಲ ಬಿರಿಯಬಾರದೇ ಅನ್ನಿಸಿತು. ಆದರೆ ಯಾರೂ "ಅಷ್ಟೇನಾ?" ಎನ್ನಲಿಲ್ಲ. ಮೀನು ಮಾರುವ ಹೆಂಗಸರಿಗೆ ಮೂಗು ಅಂದರೆ ಏನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಒಬ್ಬಳು "ಅಯ್ಯೋ" ಎಂದಳು. ಹಸಿರು ಸೀರೆಯವಳು ಅತ್ತೆಯ ಮುಚ್ಚಿದ ಮೂಗನ್ನು ನೋಡಿ ತುಟಿಯಂಚಿನಲ್ಲಿ ನಕ್ಕಳು. ನನ್ನ ಕೈಯಿಂದ ಬಂಗಡೆ ತೆಗೆದುಕೊಂಡು ಅವರತ್ತ ಚಾಚಿದಳು.

"ಹಂಗಾರೆ ನೀವೇ ಮೂಸಿ ಹೇಳಿ ಅಮ್ಮ. ಇದು ನಾರತದ್ಯಾ?"

"ಅತ್ತೀ, ಬ್ಯಾಡ್ರಿ," ಎಂದೆ ನಾನು. ನಿಜವಾಗಿಯೂ ಬೇಡವೆನ್ನಿಸಿತ್ತು. ಅತ್ತೆ ನನ್ನ ಮುಖ ನೋಡಿದರು, ಮೀನಿನ ಮುಖ ನೋಡಿದರು. ಆಮೇಲೆ ಮೂಗಿನ ಮೇಲಿನ ಸೆರಗನ್ನು ತೆಗೆದರು. ಉಸಿರು ಬಿಗಿಹಿಡಿದು ಬಗ್ಗಿ, ಔಷಧ ಕುಡಿಯುವವರ ಹಾಗೆ ಕಣ್ಣು ಮುಚ್ಚಿ, ಒಂದು ಸಲ ಎಳೆದರು. ಕಣ್ಣು ಬಿಟ್ಟರು. ಮತ್ತೆ ಎಳೆದರು.

"ಇದು ನಾರೂದಿಲ್ಲಲ್ಲ!" ಎಂದರು. ಮೋಸ ಹೋದವರ ದನಿ ಅದು.

ಸುತ್ತಲಿನವರೆಲ್ಲ ಗೊಳ್ಳೆಂದು ನಕ್ಕರು. ನಾನು ನಗಲಿಲ್ಲ. ನನಗೆ ಬೇರೆಯೇ ಒಂದು ಆಸೆ ಹುಟ್ಟಿತ್ತು. "ಮತ್ತ ಹೆಂಗ ಐತ್ರಿ? ಹೇಳ್ರಿ ಅತ್ತೀ, ಹೆಂಗ ಐತಿ?"

ಅತ್ತೆ ಇನ್ನೊಮ್ಮೆ ಬಗ್ಗಿದರು. ಈ ಸಲ ಅವಸರವಿರಲಿಲ್ಲ. "ಎಳೀ ಸವತಿಕಾಯಿ ಕೊಯ್ದಂಗ ಐತಿ ನೋಡು. ತಂಪ. ಅದರ ಹಿಂದ… ತಡಿ… ಕಬ್ಬಿಣದ ಕೊಡದಾಗ ನೀರು ಇಟ್ರ ಬರತೈತಲ್ಲ, ಅದು ಚೂರ ಐತಿ. ಮತ್ತ ಉಪ್ಪಿನ ಚೀಲ ಹಸಿ ಆದಂಗ."

ಅದು ಬಂಗಡೆ. ಸರಿಯಾಗಿ ಬಂಗಡೆಯೇ. ಹುಟ್ಟಿದಾಗಿನಿಂದ ಗೊತ್ತಿದ್ದರೂ ಅದರೊಳಗೆ ಸವತೆಕಾಯಿ ಇದೆಯೆಂದು ನನಗೆ ಹೊಳೆದಿರಲಿಲ್ಲ. ಎಂದೂ ಅದನ್ನು ಮುಟ್ಟದವರು ಹೇಳಿದ ಮೇಲೆ ಹೌದಲ್ಲ ಅನ್ನಿಸಿತು. ನನಗೆ ವಾಸನೆ ಬರಲಿಲ್ಲ. ಅಳು ಬಂತು.

ಅತ್ತೆ ನನ್ನ ಅಳುವನ್ನು ಗಮನಿಸದವರ ಹಾಗೆ ಮುಂದಿನ ಬುಟ್ಟಿಗೆ ಹೋದರು. ಶೆಟ್ಲಿಯ ಮೇಲೆ ಬಗ್ಗಿ, "ಇದು ಸೀ ಐತಿ, ಹಸೀ ಗೋವಿನಜೋಳದ ಹಾಲಿನಂಗ," ಎಂದರು. ತಾರ್ಲೆಗೆ, "ಇದರಾಗ ಎಣ್ಣಿ ಐತಿ, ಗಾಣದ ಮನಿ." ಒಣಮೀನಿನ ಸಾಲಿಗೆ ಬಂದಾಗ ಮಾತ್ರ ಎರಡು ಹೆಜ್ಜೆ ಹಿಂದೆ ಹಾರಿ ಗೆದ್ದವರ ಹಾಗೆ ಕೂಗಿದರು. "ಇದು! ಇದು ನಾರತೈತಿ! ನಾ ಹೇಳಿದ್ದಿಲ್ಲ?" ಅಲ್ಲಿಯೂ ಬಿಡಲಿಲ್ಲ. ಉಗುಳು ನುಂಗಿಕೊಂಡು ಮತ್ತೆ ಮೂಸಿ, ಮಳೆಗೆ ನೆನೆದ ಹಳೆಯ ಮೆಟ್ಟು ಮೂಲೆಯಲ್ಲಿ ಒಣಗಿದ ಹಾಗಿದೆ ಎಂದು ವರದಿ ಕೊಟ್ಟರು. ಲಿಂಗದ ಮೇಲಿನ ಕೈಯನ್ನು ಅವರು ಒಂದು ಕ್ಷಣವೂ ತೆಗೆದಿರಲಿಲ್ಲ. ಹಸಿರು ಸೀರೆಯವಳು ಬಂಗಡೆಯನ್ನು ಎಲೆಯಲ್ಲಿ ಕಟ್ಟಿಕೊಡುತ್ತ, "ಇಂಥ ಅತ್ತೆ ನಂಗೆ ಸಿಕ್ಕಿರೆ ನಾನೂ ಮೂಗು ಕಳ್ಕಂತಿದ್ದೆ," ಎಂದಳು.

ತಮ್ಮನ ಹೆಂಡತಿ ಆ ಬಂಗಡೆಗೆ ಕಾಯಿ ಅರೆದು, ಜುಮ್ಮನಕಾಯಿ ಹಾಕಿ, ನನ್ನ ತಾಯಿ ಮಾಡುತ್ತಿದ್ದ ಹಾಗೆಯೇ ಸಾರು ಮಾಡಿದಳು. ಅತ್ತೆ ಮತ್ತೊಮ್ಮೆ ತಲೆಯ ಮೇಲೆ ನೀರು ಸುರಿದುಕೊಂಡು ಜಗಲಿಯಲ್ಲಿ ತಮ್ಮ ಬುತ್ತಿ ಬಿಚ್ಚಿ ಕುಳಿತರು. ನಾನು ಒಳಗೆ ತಟ್ಟೆಯ ಮುಂದೆ ಕುಳಿತೆ. ತಮ್ಮ, ಅವನ ಹೆಂಡತಿ ಇಬ್ಬರೂ ತಾವು ಉಣ್ಣದೆ ನನ್ನ ಬಾಯಿಯನ್ನೇ ನೋಡುತ್ತಿದ್ದರು. ವರ್ಷದ ಆಸೆಯೆಲ್ಲ ಆ ತುತ್ತಿನಲ್ಲಿತ್ತು. ಬಾಯಿಗಿಟ್ಟೆ. ಉಪ್ಪು ಬಂತು, ಹುಳಿ ಬಂತು, ಖಾರ ಬಂತು, ಜುಮ್ಮನಕಾಯಿ ನಾಲಿಗೆಯನ್ನು ಜುಮ್ಮೆನ್ನಿಸಿತು. ಮೀನು ಬರಲಿಲ್ಲ. ನನ್ನ ತಾಯಿಯ ಅಡುಗೆಮನೆ ಬರಲಿಲ್ಲ. ಇನ್ನು ಬರುವುದಿಲ್ಲ ಎಂದು ಆ ಕ್ಷಣಕ್ಕೆ ನನಗೆ ಖಚಿತವಾಯಿತು.

ಅವರಿಬ್ಬರ ಮುಖ ನೋಡಲಾಗದೆ, "ಬಂತು," ಎಂದೆ. "ಸ್ವಲ್ಪ ಬಂತು."

ತಮ್ಮ ಉಸಿರು ಬಿಟ್ಟ. ಅವನ ಹೆಂಡತಿ ದೇವರಿಗೆ ಕೈಮುಗಿದಳು.

"ಬಂದಿಲ್ಲ ಆಕಿಗೆ," ಎಂಬ ಮಾತು ಕೇಳಿತು. ಅತ್ತೆ ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. "ಬಂದಿದ್ರ ಹಿಂಗ ಸಣ್ಣ ದನೀಲೆ ಹೇಳಾಕಿ ಅಲ್ಲ ಈಕಿ. ಇಡೀ ಓಣಿ ಎಬ್ಬಸ್ತಿದ್ದಳು."

ಅತ್ತೆ ಹೊಸ್ತಿಲಿನ ಆಚೆ, ಮೀನಿನ ಪಾತ್ರೆಗೆ ಮೊಳದೂರದಲ್ಲಿ, ಕಾಲು ಮಡಿಸಿ ಕುಳಿತರು. ರೊಟ್ಟಿ ಮುರಿದು ಚಟ್ನಿಗೆ ಅದ್ದಿದರು.

"ಡಾಕ್ಟರ್ ಬಿಟ್ರ ಬಿಡಲಿ," ಎಂದರು. "ನನ್ನ ಮೂಗು ಇನ್ನೂ ಗಟ್ಟಿ ಐತಿ. ನೀ ಉಣ್ಣು, ನಾ ಹೇಳತೇನಿ."

ನಾನು ತುತ್ತು ಎತ್ತಿದೆ.

"ಮೊದಲ ಹಸೀ ಕೊಬ್ಬರಿ," ಎಂದರು ಅತ್ತೆ.